ಕಂಬಳಿಯೊಳಗಿನ ಮೂರನೆಯ ಕೈ

ಕಳೆದ ವಾರ ಜಹೀರಾಬಾದಿನ ಬಸ್ ನಿಲ್ದಾಣದಲ್ಲಿ ತಾಂಡೂರಿನ ಬಸ್ಸಿಗೆ ಕಾಯುತ್ತಿದ್ದೆ. ಆಗಷ್ಟೇ ಮಳೆ ನಿಂತಿತ್ತು. ಮುದುಕನೊಬ್ಬ ಬಂದು ಪಕ್ಕದಲ್ಲಿ ಕುಳಿತು, ಹೆಗಲ ಮೇಲಿದ್ದ ಒದ್ದೆ ಕರಿಕಂಬಳಿಯನ್ನು ಕೊಡವಿ ನಮ್ಮಿಬ್ಬರ ನಡುವೆ ಇಟ್ಟ. ಕುರಿಯ ಉಣ್ಣೆ ನೆಂದಾಗ ಬರುವ ಆ ವಾಸನೆಗೆ ಆಚೆ ಕುಳಿತವರು ಮೂಗು ಮುಚ್ಚಿಕೊಂಡರು. ನಾನು ಮಾತ್ರ ನನ್ನ ಬಲಗೈ ಎತ್ತಿ ಅಂಗೈ ಮೂಸಿ ನೋಡಿಕೊಂಡೆ. ಮುದುಕ ನನ್ನನ್ನು ಒಂದು ಥರ ನೋಡಿ ಕಂಬಳಿಯನ್ನು ತನ್ನ ಕಡೆಗೆ ಎಳೆದುಕೊಂಡ.

ಅವನದೇನೂ ತಪ್ಪಿಲ್ಲ. ಅನುಮಾನದ ವಿಷಯದಲ್ಲಿ ನಾನು ಯಾರಿಗೂ ಬುದ್ಧಿ ಹೇಳುವ ಹಾಗಿಲ್ಲ. ನಮ್ಮದು ತಾಂಡೂರಿನಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಮಾರುವ ಮನೆತನ. ಅಪ್ಪ ಬೆರಳ ಗೆಣ್ಣಿನಿಂದ ತಟ್ಟಿ ಕೇಳದೆ ಒಂದು ಕಲ್ಲನ್ನೂ ಲಾರಿಗೆ ಏರಿಸಿದವರಲ್ಲ. ಗಟ್ಟಿ ಕಲ್ಲು ಠಣ್ ಅನ್ನುತ್ತದೆ, ಒಳಗೆ ಬಿರುಕಿದ್ದರೆ ಬದ್ ಅನ್ನುತ್ತದೆ. ನಾನು ಮನುಷ್ಯರನ್ನೂ ಹಾಗೇ ತಟ್ಟಿ ನೋಡುವವಳು. "ಅನುಮಾನಂ ಪೆದ್ದ ರೋಗಂ", ಅನುಮಾನ ದೊಡ್ಡ ರೋಗ, ಎಂದು ಅವ್ವ ಬೈಯುತ್ತಿದ್ದಳು. ನಮ್ಮ ಮನೆಯಲ್ಲಿ ಬೈಗುಳಕ್ಕೆ ತೆಲುಗು, ವ್ಯಾಪಾರಕ್ಕೆ ಉರ್ದು, ಉಳಿದದ್ದಕ್ಕೆಲ್ಲ ಕನ್ನಡ.

ಈ ರೋಗ ನನ್ನಲ್ಲಿ ಅತಿ ಜೋರಾಗಿದ್ದದ್ದು ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲದಲ್ಲಿ. ಮೊಬೈಲಿನ ಪರದೆಯಲ್ಲಿ ಯಾವ ಗುಂಡಿ ಎಲ್ಲಿರಬೇಕು, ಯಾವ ಬಣ್ಣ ಏನು ಹೇಳಬೇಕು ಎಂದು ಗೀಚಿ ಕೊಡುವ ಡಿಸೈನರ್ ಕೆಲಸ ನನ್ನದು. ಆಗ ನಾರಾಯಣಖೇಡದಲ್ಲಿ ನಿವೃತ್ತರಾದ ಪಶುವೈದ್ಯರೊಬ್ಬರಿದ್ದರು, ಎಲ್ಲರೂ ಡಾಕ್ಟರ್ ಸಾಬ್ರು ಎನ್ನುತ್ತಿದ್ದರು. ಕುರಿಗಳಿಗೆ ರೋಗ ಬಂದರೆ ಕುರಿಗಾರರು ಕೂಡಲೇ ತಿಳಿಸುವಂಥ ಒಂದು ಆ್ಯಪ್ ಎಲ್ಲೋ ದೂರದ ದೇಶದಲ್ಲಿ ತಯಾರಾಗಿತ್ತು. ಅದಕ್ಕೆ ಯಾರೂ ಮಾಲೀಕರಿಲ್ಲ. ಅದರ ಪ್ರೋಗ್ರಾಮು ಎಲ್ಲರಿಗೂ ತೆರೆದಿರುತ್ತದೆ, ಯಾರು ಬೇಕಾದರೂ ಓದಬಹುದು, ತಿದ್ದಬಹುದು, ನಕಲು ತೆಗೆದು ತಮ್ಮದೇ ಮಾಡಿಕೊಳ್ಳಬಹುದು. ಓಪನ್ ಸೋರ್ಸ್ ಅನ್ನುತ್ತಾರಲ್ಲ, ಅದು. ಅದನ್ನು ನಮ್ಮ ಭಾಗಕ್ಕೆ ಹೊಂದಿಸಿ ಕೊಡಿ ಎಂದು ಡಾಕ್ಟರ್ ಸಾಬ್ರು ಕೇಳಿದರು. ಪರದೆ ನನ್ನ ಪಾಲಿಗೆ ಬಂತು. ಒಳಗಿನ ಪ್ರೋಗ್ರಾಮು ಬರೆಯಲು ಜಹೀರಾಬಾದಿನ ಪರ್ವೀನ್ ಎಂಬ ಹುಡುಗಿ ಸಿಕ್ಕಳು. ಅವಳ ತಾಯಿಯ ತವರು ಬೀದರ್, ಹಾಗಾಗಿ ಕನ್ನಡ ಸಲೀಸು.

ಈ ಓಪನ್ ಸೋರ್ಸ್ ಮಂದಿಯದು ಒಂದು ಮಡಿ ಇದೆ. ಯಾವ ನಿರ್ಧಾರವೂ ಫೋನಿನಲ್ಲಿ, ಕಿವಿಯಲ್ಲಿ ಆಗಬಾರದು. ಒಂದು ಗುಂಡಿಯ ಬಣ್ಣ ಬದಲಿಸಿದರೂ ಯಾಕೆ ಬದಲಿಸಿದೆವು ಎಂದು ಎಲ್ಲರಿಗೂ ಕಾಣುವ ಪುಟದಲ್ಲಿ ಬರೆದು, ಬಂದ ಆಕ್ಷೇಪಕ್ಕೆ ಅಲ್ಲೇ ಉತ್ತರ ಕೊಡಬೇಕು. ನಾವೂ ಹೊಸದಾಗಿ ದೀಕ್ಷೆ ತೆಗೆದುಕೊಂಡವರಂತೆ ಅದನ್ನು ಪಾಲಿಸಿದೆವು. ಜಹೀರಾಬಾದಿನ ಒಂದು ಚಹಾದ ಹೋಟೆಲಿನಲ್ಲಿ ಎದುರುಬದುರು ಕುಳಿತು, ನಡುವೆ ಬಿಸ್ಕತ್ತಿನ ತಟ್ಟೆ ಇಟ್ಟುಕೊಂಡು, ಬಾಯಿ ಮುಚ್ಚಿ, ಇಬ್ಬರೂ ತಂತಮ್ಮ ಲ್ಯಾಪ್‌ಟಾಪಿನಲ್ಲಿ ಒಬ್ಬರಿಗೊಬ್ಬರು ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆವು. ನಮಗೆ ಮಾತು ಬಿಟ್ಟಿದೆ ಎಂದೇ ಹೋಟೆಲಿನವನು ತಿಳಿದಿದ್ದ. ಮುಂದೆ ನಿಜವಾಗಿ ಮಾತು ಬಿಟ್ಟಾಗ ಅವನಿಗೆ ಏನೂ ವ್ಯತ್ಯಾಸ ಗೊತ್ತಾಗಲಿಲ್ಲ.

ಜಗಳ ಶುರುವಾದದ್ದು ಒಂದು ಕೆಂಪು ಚುಕ್ಕೆಯಿಂದ. ಕುರಿಗಾರ "ರೋಗ ಬಂದಿದೆ" ಎಂಬ ಗುಂಡಿ ಒತ್ತಿದರೆ ಅವನ ಹಿಂಡು ಇರುವ ಜಾಗದಲ್ಲಿ, ನಕ್ಷೆಯ ಮೇಲೆ ಒಂದು ಕೆಂಪು ಚುಕ್ಕೆ ಮೂಡುತ್ತಿತ್ತು. ಡಾಕ್ಟರಿಗೆ ದಾರಿ ತಿಳಿಯಲಿ, ಬೇರೆ ಹಿಂಡಿನವರು ಹುಷಾರಾಗಲಿ ಎಂದು ಮೂಲದವರು ಹಾಗೆ ಮಾಡಿದ್ದರು. ಅದು ಯಾರ ಮೊಬೈಲಿನಲ್ಲಾದರೂ ಕಾಣುತ್ತಿತ್ತು. ನನಗೆ ಅದು ಸರಿಬರಲಿಲ್ಲ. ಚುಕ್ಕೆ ಬೇಡ, ಸಿರ್ಗಾಪುರವೋ ಇನ್ನೊಂದೋ, ಹತ್ತಾರು ಹಳ್ಳಿಗಳ ಇಡೀ ಮಂಡಲಕ್ಕೆ ತಿಳಿ ಬಣ್ಣ ಹಚ್ಚೋಣ ಎಂದು ಪುಟದಲ್ಲಿ ಬರೆದೆ.

ಪರ್ವೀನ್ ಅವತ್ತು ಮಡಿ ಮುರಿದು ಬಾಯಿಂದಲೇ ಮಾತಾಡಿದಳು. "ಒಬ್ಬರ ಕುರಿಗೆ ರೋಗ ಬಂದ್ರ ಇಡೀ ಸಿರ್ಗಾಪುರದ ಮಾರಿಗೆ ಮಸಿ ಬಳಿತೀಯೇನ್ ಅಕ್ಕ? ಚುಕ್ಕಿ ಇದ್ರ ಒಬ್ಬರದು ಅಂತರೆ ತಿಳೀತದ."

ಮಾತು ಬರೋಬ್ಬರಿ ಇತ್ತು. ಅದನ್ನೇ ಅವಳು ಪುಟದಲ್ಲೂ ಬರೆದಾಗ ದೂರದ ದೇಶದವರೂ ಅವಳ ಕಡೆಗೇ ಹೆಬ್ಬೆಟ್ಟು ಎತ್ತಿದರು. ಚುಕ್ಕೆ ಉಳಿಯಿತು. ಆದರೆ ಅವಳ ಸೋದರಮಾವ ಕುರಿ ವ್ಯಾಪಾರಿ ಎಂಬುದು ಅದೇ ವಾರ ನನಗೆ ತಿಳಿಯಿತು. ಯಾವ ಹಿಂಡಿಗೆ ರೋಗ ಎಂದು ವ್ಯಾಪಾರಿಗೆ ಮೊದಲೇ ಗೊತ್ತಾದರೆ ಸಂತೆಯಲ್ಲಿ ಅವನು ಹೇಳಿದ್ದೇ ಬೆಲೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದುಕೊಂಡೆ. ಅಂದಿನಿಂದ ಅವಳು ಬರೆದ ಪ್ರತಿಯೊಂದು ಸಾಲನ್ನೂ ತಟ್ಟಿ ನೋಡತೊಡಗಿದೆ.

ಆ್ಯಪನ್ನು ಮೊದಲು ಬಳಸಲು ಒಪ್ಪಿದವರು ಸಿರ್ಗಾಪುರದ ಕಡೆಯ ಕುರಿಗಾರ ಬೀರಪ್ಪ ಮತ್ತು ಅವನ ಹೆಂಡತಿ ಮಲ್ಲಮ್ಮ. ಅವರ ಬೆನ್ನಿಗೆ ಸುತ್ತಲಿನ ಹಿಂಡಿನವರೂ ಹಾಕಿಸಿಕೊಂಡರು. ಬೀರಪ್ಪ ಮಿತಭಾಷಿ. ಮಾತೆಲ್ಲ ಮಲ್ಲಮ್ಮನದು, ಮೊಬೈಲೂ ಅವಳ ಸೊಂಟದಲ್ಲೇ ಇರುತ್ತಿತ್ತು. ನಾವು ಮೊದಲ ಸಲ ಹೋದಾಗ ಅವಳು ಕೇಳಿದ ಮೊದಲ ಪ್ರಶ್ನೆ, "ಇದಕ್ಕ ಎಷ್ಟು ಕೊಡಬೇಕ್ರಿ?"

"ಏನೂ ಇಲ್ಲವ್ವ, ಪುಕ್ಕಟೆ" ಎಂದೆ.

"ಹಂಗಾದ್ರ ನಂಗ ಶಕ್ ಅದ" ಎಂದು ನಕ್ಕಳು. ಅನುಮಾನದಲ್ಲಿ ನನ್ನಂಥವಳೇ ಎಂದು ನನಗೆ ಅವಳು ಆಗಲೇ ಇಷ್ಟವಾಗಿಬಿಟ್ಟಳು.

ಅವರ ಜೊತೆ ಒಮ್ಮೆ ಕುರಿಸಂತೆಗೂ ಹೋಗಿದ್ದೆವು. ಅಲ್ಲಿ ಬೆಲೆ ಬಾಯಲ್ಲಿ ಆಡುವಂತಿಲ್ಲ. ಮಾರುವವನು ತನ್ನ ಕಂಬಳಿಯ ಸೆರಗನ್ನು ಕೈ ಮೇಲೆ ಇಳಿಬಿಡುತ್ತಾನೆ, ಕೊಳ್ಳುವವನು ಅದರಡಿ ಕೈ ತೂರಿಸುತ್ತಾನೆ. ಒಳಗೆ ಬೆರಳುಗಳು ಒತ್ತಿ, ಹಿಡಿದು, ಬಿಟ್ಟು ಮಾತಾಡುತ್ತವೆ. ಸುತ್ತ ನಿಂತವರಿಗೆ ಕಾಣುವುದು ಎರಡು ಮುಖ ಮಾತ್ರ, ಆ ಮುಖಗಳೂ ಏನೂ ಹೇಳುವುದಿಲ್ಲ. ಎಲ್ಲವನ್ನೂ ಬಯಲಲ್ಲಿ ನಿರ್ಧರಿಸಬೇಕು ಎಂದು ದಿನಾ ಬರೆಯುತ್ತಿದ್ದ ನಾವಿಬ್ಬರೂ ಅಲ್ಲಿ ನಿಂತು ಬಾಯಿ ಬಿಟ್ಟು ನೋಡಿದೆವು. ಫೋಟೋ ತೆಗೆದು ಆ ಪುಟಕ್ಕೆ ಹಾಕಬೇಕೆನಿಸಿ ಮೊಬೈಲ್ ಎತ್ತಿದೆ. ಬೀರಪ್ಪ ಬೇಡವೆಂದು ತಲೆ ಅಲ್ಲಾಡಿಸಿದ.

ಮಳೆ ಹಿಡಿಯಿತು. ಸಿರ್ಗಾಪುರದ ಕಡೆಯದು ಎರೆ ಭೂಮಿ. ನಾಲ್ಕು ದಿನ ಮಳೆ ಬಿದ್ದರೆ ಕುರಿಯ ಗೊರಸಿಗೆ ಕೆಸರು ಮೆತ್ತಿ, ಕಾಲು ಕೊಳೆತು, ಅವು ಕುಂಟಲು ಶುರುಮಾಡುತ್ತವೆ. ಹಾಗಾಗಿ ಮಳೆಗಾಲ ಬಂತೆಂದರೆ ಕುರಿಗಾರರು ಹಿಂಡು ಹೊಡೆದುಕೊಂಡು ಜಹೀರಾಬಾದಿನ ಕಡೆಯ ಕೆಂಪು ನೆಲಕ್ಕೆ ಏರುತ್ತಾರೆ. ಅಲ್ಲಿ ನೀರು ನಿಲ್ಲುವುದಿಲ್ಲ. ಹೊಲದವರೂ ಗೊಬ್ಬರದ ಆಸೆಗೆ ಕರೆದು ಕುರಿ ನಿಲ್ಲಿಸಿಕೊಳ್ಳುತ್ತಾರೆ. ಬೀರಪ್ಪನ ಹಿಂಡಿಗೆ ಅಪ್ಪನ ಕಾಲದಿಂದಲೂ ಒಬ್ಬನೇ ರೈತನ ಹೊಲ. ಇನ್ನೇನು ಹೊರಡಬೇಕು, ಆಗ ಎರಡು ಕುರಿಗಳ ಮೂತಿ ಬಾತು ನಾಲಿಗೆ ನೀಲಿಗಟ್ಟಿತು. ನಾವು ಹೇಳಿಕೊಟ್ಟಂತೆ ಮಲ್ಲಮ್ಮ ಗುಂಡಿ ಒತ್ತಿದಳು.

ಡಾಕ್ಟರ್ ಸಾಬ್ರು ಜೀಪಿನಲ್ಲಿ ಅದೇ ದಿನ ಬಂದರು. ನೀಲಿ ನಾಲಿಗೆಯ ರೋಗ, ನುಸಿ ಕಚ್ಚಿ ಬರುವುದು, ಒಂದನ್ನೊಂದು ಮುಟ್ಟಿದರೆ ಬರುವುದಿಲ್ಲ ಎಂದು ಹೇಳಿ ಬಾಯಿ ತೊಳೆಸಿ ಔಷಧಿ ಕೊಟ್ಟು ಹೋದರು. ನಾವು ಆ ಪುಟದಲ್ಲಿ ಮೊದಲ ಗೆಲುವು ಎಂದು ಬರೆದುಕೊಂಡೆವು. ಏಳೆಂಟು ದೇಶಗಳಿಂದ ಚಪ್ಪಾಳೆ ಬಂತು.

ಮುಂದಿನ ಸಂತೆಯಲ್ಲಿ ಬೀರಪ್ಪ ಗಟ್ಟಿಮುಟ್ಟಾದ ಟಗರುಗಳನ್ನೇ ಆರಿಸಿ ತಂದು ನಿಂತ. ಕಂಬಳಿಯ ಸೆರಗು ಇಳಿಬಿಟ್ಟ. ಯಾರೂ ಅದರೊಳಗೆ ಕೈ ಹಾಕಲಿಲ್ಲ. ವ್ಯಾಪಾರಿಗಳು ಅವನ ಮುಂದೆ ಬಂದು, ಮೊಬೈಲ್ ನೋಡಿ, ದಾಟಿ ಹೋದರು. ಹೊತ್ತು ಇಳಿಯುವ ತನಕ ಅವನು ಹಾಗೇ ಕೈ ಚಾಚಿ ನಿಂತಿದ್ದನಂತೆ. ಅದು ಸಾಲದೆಂಬಂತೆ ಕೆಂಪು ಹೊಲದ ರೈತನಿಂದ ಫೋನು ಬಂತು. "ಈ ಸಲ ಬರಬ್ಯಾಡ್ರಿ, ನಿಮ್ಮ ಕುರಿ ನಕ್ಷಾದಾಗ ಕೆಂಪ ಆಗ್ಯಾವ." ಇಡೀ ಹಿಂಡು ಎರೆಯ ಕೆಸರಿನಲ್ಲೇ ಉಳಿಯಿತು. ನೀಲಿ ನಾಲಿಗೆ ಬಂದದ್ದು ಎರಡಕ್ಕೆ. ಈಗ ಕಾಲು ಕೊಳೆಯುವ ಹೆದರಿಕೆ ಎಲ್ಲಕ್ಕೂ.

ನನಗೆ ಸಿಟ್ಟು ನೆತ್ತಿಗೇರಿತು. ಹೋಟೆಲಿನಲ್ಲಿ ಪರ್ವೀನ್ ಕೂರುವ ಮೊದಲೇ ಕೇಳಿದೆ, "ಖರೇ ಹೇಳು. ನಿಮ್ಮ ಮಾಮಾಗ ನಕ್ಷಾ ತೋರಿಸಿದಿಯೇನು?"

ಅವಳ ಮುಖ ಕೆಂಪಾಯಿತು. "ನಾ ಯಾಕ ತೋರಿಸಬೇಕು? ಯಾರ್ ಬೇಕಾದ್ರೂ ನೋಡ್ರಿ ಅಂತ ನಾವೇ ಬರದು ಹಾಕೀವಲ್ಲ. ಬಾಗಿಲಾ ಇಲ್ಲದ ಮನ್ಯಾಗ ಕಳ್ಳನ್ನ ಹುಡುಕಾಕ ಬಂದೀಯೇನು?"

ಉತ್ತರ ಸರಿಯಾಗಿತ್ತು. ಆದರೆ ಅದು ಮಾಮಾನ ಪ್ರಶ್ನೆಗೆ ಉತ್ತರವಾಗಿರಲಿಲ್ಲ ಎಂದು ನಾನು ಲೆಕ್ಕ ಹಾಕಿದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಳು ಎಂದೂ ಅನಿಸಿತು. ಹಿಂಡು ಕೆಸರಲ್ಲಿ ನಿಂತಿರುವಾಗ ಒಳ್ಳೆಯ ಮಾತು ಹೊಳೆಯುವುದಿಲ್ಲ.

ಅದಾಗಿ ಕೆಲವೇ ದಿನಕ್ಕೆ, ಒಂದು ಮುಂಜಾನೆ ನಕ್ಷೆ ತೆರೆದರೆ ಸಿರ್ಗಾಪುರದಿಂದ ನಾರಾಯಣಖೇಡದ ತನಕ ಎಲ್ಲೆಲ್ಲೂ ಕೆಂಪು ಚುಕ್ಕೆ. ಗೋವರ ಎದ್ದ ಮೈಯಂತೆ ಕಾಣುತ್ತಿತ್ತು. ಯಾರೋ ಯಂತ್ರ ಬಿಟ್ಟು ಸುಳ್ಳು ವರದಿ ತುಂಬಿಸುತ್ತಿದ್ದಾರೆ, ನಿಮ್ಮ ಭಾಗವನ್ನೇ ಮುಚ್ಚಿಬಿಡುತ್ತೇವೆ ಎಂದು ದೂರದವರು ಬರೆದರು. ಮಾಮಾನ ಕೆಲಸ ಮರೆಮಾಚಲು ಪರ್ವೀನಳೇ ಇದನ್ನು ಮಾಡಿದ್ದಾಳೆ ಎಂದು ನಾನು ನಂಬಿದೆ. ಅವಳು ನನ್ನ ಮೇಲೆಯೇ ತಿರುಗಿಬಿದ್ದಳು. "ಚುಕ್ಕಿ ಕೆಟ್ಟದ್ದು ಅಂತ ತೋರಿಸಾಕ, ನಿನ್ನ ಮಾತ ಗೆಲ್ಲಸಾಕ ನೀನಾ ಒತ್ತೀದಿ." ಅವಳಿಗೂ ಈ ರೋಗ ಇತ್ತು ಎಂಬುದು ನನಗೆ ಅವತ್ತೇ ತಿಳಿದದ್ದು.

ಕೊನೆಗೆ ಇಬ್ಬರೂ ಒಂದೇ ಬಸ್ಸಿನಲ್ಲಿ, ಬೇರೆ ಬೇರೆ ಸೀಟಿನಲ್ಲಿ ಕುಳಿತು ಸಿರ್ಗಾಪುರಕ್ಕೆ ಹೋದೆವು. ನಾವು ಮುಟ್ಟುವ ಹೊತ್ತಿಗೆ ಡಾಕ್ಟರ್ ಸಾಬ್ರ ಜೀಪು ಅಲ್ಲಿತ್ತು. ಸುತ್ತಲಿನ ಹಿಂಡಿನವರೆಲ್ಲ ಕೂಡಿದ್ದರು. ಮಲ್ಲಮ್ಮ ನಮ್ಮನ್ನು ಕಂಡು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು.

"ಸಂತ್ಯಾಗ ಕೈ ಮ್ಯಾಲ ಕಂಬಳಿ ಹಾಕತೀವ್ರಿ. ನಿಮ್ಮ ಮೊಬೈಲಿನ್ಯಾಗ ಕಂಬಳಿ ಹಾಕಾಕ ಜಾಗಾನೇ ಇರಲಿಲ್ಲ. ಅದಕ್ಕ ರೋಗ ಇದ್ದವರು, ಇಲ್ಲದವರು, ಎಲ್ಲಾರೂ ಕೂಡಿ ಕೆಂಪು ಒತ್ತೀವಿ. ಈಗ ಯಾರದು ಖರೇ, ಯಾರದು ಸುಳ್ಳು, ಯಾವ ವ್ಯಾಪಾರಿಗೂ ತಿಳಿಯಂಗಿಲ್ಲ."

"ನನಗೂ ತಿಳೀಲಿಲ್ಲಲ್ಲವ್ವ!" ಡಾಕ್ಟರ್ ಸಾಬ್ರು ಕೂಗಿದರು. ಅವರಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ. "ನಿನ್ನೆಯಿಂದ ಆರಾಮ ಇದ್ದ ಹಿಂಡಿಗೆಲ್ಲ ತಿರಗೀನಿ. ನಿಮ್ಮ ಹಿಂಡಿಗೆ ಈಗ ಬಂದೀನಿ." ಅವರು ಕೈ ತೋರಿಸಿದ ಕಡೆ, ಬೇಲಿಯ ಹತ್ತಿರ ಒಂದು ಕುರಿ ಸತ್ತು ಬಿದ್ದಿತ್ತು. ಅದರ ಮರಿ ಪಕ್ಕದಲ್ಲೇ ನಿಂತು ಕೆಚ್ಚಲಿಗೆ ಮೂತಿ ಹಚ್ಚುತ್ತಿತ್ತು.

"ಒಂದು ಫೋನರೆ ಮಾಡಬಾರದೇನವ್ವ?"

ಮಲ್ಲಮ್ಮನ ಹೆಮ್ಮೆ ಇಳಿದುಹೋಯಿತು. "ಫೋನ್ ಮಾಡಿದ್ರ ಅದೂ ನಕ್ಷಾದಾಗ ಬರ್ತದೇನೋ ಅಂತ ಅಂಜಿದ್ವಿ, ಸಾಬ್" ಎಂದಳು.

ಆ ಮಾತು ಕೇಳಿ ನನಗೆ ಅಳು ಬಂತು. ನಾಡಿಗೆಲ್ಲ ಅನುಮಾನ ಹಂಚಿದವರು ನಾವೇ. ಡಾಕ್ಟರನ್ನು ಕರೆಯಲೂ ಹೆದರುವಂತೆ ಮಾಡಿದ್ದು ನಾವು ತಂದುಕೊಟ್ಟ ಆ ಬಟಾಬಯಲು.

ಬೀರಪ್ಪ ಮರಿಯನ್ನು ಎತ್ತಿ ಕಂಬಳಿಯಲ್ಲಿ ಸುತ್ತಿಕೊಂಡ. ಆ ಮಳೆಗಾಲದಲ್ಲಿ ಅವನು ನಮ್ಮೊಂದಿಗೆ ಆಡಿದ ದೊಡ್ಡ ಮಾತು ಅದೊಂದೇ. "ಕಂಬಳಿ ಅಂದ್ರ ಎಲ್ಲಾರಿಗೂ ಮುಚ್ಚೋದಲ್ಲರಿ. ಅದರಾಗ ಎರಡು ಕೈ ಇರ್ತಾವ. ಡಾಕ್ಟರ್ ಸಾಬ್ರ ಕೈ ಒಳಗ ಬರಲಿ, ವ್ಯಾಪಾರಿ ಕೈ ಹೊರಗ ಇರಲಿ. ಅಷ್ಟಾ."

ತಿರುಗಿ ಬರುವಾಗ ಒಂದೇ ಸೀಟಿನಲ್ಲಿ ಕುಳಿತೆವು. ನಾನು ಬಸ್ಸಿನಲ್ಲೇ ಹೊಸ ಪರದೆ ಗೀಚಿದೆ. ಗುಂಡಿ ಒತ್ತಿದರೆ ಒಂದು ಕರಿಕಂಬಳಿ ಬಂದು ಹಿಂಡನ್ನು ಮುಚ್ಚುತ್ತದೆ. ಕುರಿಗಾರನಿಗೆ "ಡಾಕ್ಟರಿಗೆ ತಿಳಿಸಿದೆ" ಎಂಬ ದನಿ ಕೇಳುತ್ತದೆ, ಡಾಕ್ಟರಿಗೆ ಜಾಗ ಕಾಣುತ್ತದೆ, ಉಳಿದ ಲೋಕಕ್ಕೆ ನಕ್ಷೆ ಖಾಲಿ. ಮುಚ್ಚಿಡುವುದು ನಮ್ಮ ಪದ್ಧತಿಯಲ್ಲ ಎಂದು ದೂರದವರು ತಕರಾರು ತೆಗೆದರು. "ಪ್ರೋಗ್ರಾಮು ತೆರೆದಿರಲಿ, ಕುರಿ ಮುಚ್ಚಿರಲಿ" ಎಂದು ಪರ್ವೀನ್ ಉತ್ತರ ಬರೆದಳು. ಒಪ್ಪದಿದ್ದರೆ ನಕಲು ತೆಗೆದು ನಮ್ಮದೇ ಕವಲು ಮಾಡಿಕೊಳ್ಳುತ್ತೇವೆ ಎಂದೂ ಸೇರಿಸಿದಳು. ಇಷ್ಟು ಬೇಗ ನನ್ನ ಕಡೆಗೆ ಯಾಕೆ ತಿರುಗಿದಳು? ಎಲ್ಲವೂ ಕೆಂಪಾದ ಮೇಲೆ ಮಾಮಾನಿಗೂ ನಕ್ಷೆಯಿಂದ ಉಪಯೋಗವಿಲ್ಲವಲ್ಲ ಎಂದು ನನ್ನ ಮನಸ್ಸಿನ ಒಂದು ಮೂಲೆ ಗೊಣಗುತ್ತಲೇ ಇತ್ತು.

ಚುಕ್ಕೆಗಳನ್ನೆಲ್ಲ ಅಳಿಸಿದೆವು. ಡಾಕ್ಟರ್ ಸಾಬ್ರು ಸ್ವತಃ ಕೆಂಪು ಹೊಲದ ರೈತನ ಮನೆಗೆ ಹೋಗಿ ನುಸಿಯ ವಿಷಯ ತಿಳಿಸಿ ಹೇಳಿದರು. ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ ಹಿಂಡು ಕುಂಟುತ್ತ ಮೇಲಕ್ಕೆ ಏರಿತು. ಹೊಸ ಪರದೆ ತೋರಿಸಲು ನಾವು ಅಲ್ಲಿಗೇ ಹೋದೆವು. ಕೆಂಪು ನೆಲ ಮಳೆಯಲ್ಲಿ ತೊಳೆದು ಹಸನಾಗಿತ್ತು, ಕುರಿಗಳ ಕಾಲು ಒಣಗಿದ್ದವು. ಆ ತಬ್ಬಲಿ ಮರಿ ಬೇರೊಂದು ಕುರಿಯ ಹಾಲು ಕುಡಿಯುತ್ತಿತ್ತು.

ಮಲ್ಲಮ್ಮ ಗುಂಡಿ ಒತ್ತಿದಳು. ಕಂಬಳಿ ಬಂದು ಮುಚ್ಚಿತು. ಇನ್ನೊಮ್ಮೆ ಒತ್ತಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು, "ಇದರೊಳಗ ನಮ್ಮ ಕೈ ಅದ, ಡಾಕ್ಟರ್ ಸಾಬ್ರ ಕೈ ಅದ. ನಿಮ್ಮ ಕೈ ಇಲ್ಲಲ್ಲ?"

"ಇಲ್ಲವ್ವ" ಎಂದೆ.

ಅವಳು ಎದ್ದು ಹೋಗಿ ಗಂಡನ ಕಂಬಳಿ ತಂದು ನಮ್ಮ ಮುಂದೆ ನೆಲದ ಮೇಲೆ ಹಾಸಿದಳು. ಅವರಲ್ಲಿ ಕಂಬಳಿ ಮುಟ್ಟಿ ಸುಳ್ಳಾಡುವುದಿಲ್ಲ. ಹಿಂಡು ಹಂಚಿಕೊಳ್ಳುವಾಗಲೂ, ಹೆಣ್ಣು ಕೊಡುವಾಗಲೂ ಮಾತು ಅದರ ಮೇಲೆಯೇ. "ಓದಾಕ ಬರಂಗಿಲ್ಲರಿ ನಮಗ. ನೀವು ಬರದದ್ದು ಎಲ್ಲಾರಿಗೂ ತೆರದದ ಅಂತೀರಿ, ನಾ ತೆರದು ಏನ್ ನೋಡ್ಲಿ? ಇದನ್ನ ಮುಟ್ಟಿ ಹೇಳಿಬಿಡ್ರಿ."

ನಾನು ಕಣ್ಣು ಮಿಟುಕಿಸುವಷ್ಟರಲ್ಲಿ ಅಂಗೈ ಇಟ್ಟೆ. ಮನಸ್ಸಿನಲ್ಲಿ ಯಾವ ಅಳುಕೂ ಇರಲಿಲ್ಲ. ವರದಿಗಳು ಬಂದು ಸೇರುವ ಸರ್ವರಿನ ಕೀಲಿ ನಮ್ಮಿಬ್ಬರ ಹತ್ತಿರವೂ ಇತ್ತು ನಿಜ, ಆದರೆ ನಾನು ಒಂದು ದಿನವೂ ಇಣುಕಿ ನೋಡಿದವಳಲ್ಲ.

ಪರ್ವೀನ್ ಕೈ ಚಾಚಿದವಳು ಅರ್ಧಕ್ಕೇ ಹಿಂದಕ್ಕೆ ತೆಗೆದುಕೊಂಡಳು.

ಸಿಕ್ಕಿಬಿದ್ದಳು ಎಂದುಕೊಂಡೆ. ಇಡೀ ಮಳೆಗಾಲ ತಟ್ಟಿ ನೋಡಿದ್ದಕ್ಕೆ ಕೊನೆಗೂ ಬದ್ ಎಂದಿತು ಎಂದುಕೊಂಡೆ.

"ಇವತ್ತ ಮುಟ್ಟಂಗಿಲ್ಲ ಅವ್ವಾ" ಎಂದಳು ಪರ್ವೀನ್. ದನಿ ಸಣ್ಣಗಾಗಿತ್ತು. "ಮನಸ್ಸು ಮಾಡಿದ್ರ ನಮಗ ಕಾಣ್ತದ. ನಂಗೂ ಕಾಣ್ತದ, ಅಕ್ಕಗೂ ಕಾಣ್ತದ. ನಮ್ಮ ಮಾಮಾ ಎರಡು ಸಲ ಕೇಳ್ಯಾನ, ನಾ ಕೊಟ್ಟಿಲ್ಲ. ಖರೇ ಅಂದ್ರ ಕೊಡಾಕ ಬರ್ತಿತ್ತು. ನೋಡಂಗಿಲ್ಲ ಅನ್ನೋದು ಬ್ಯಾರೆ, ನೋಡಾಕ ಬರಂಗಿಲ್ಲ ಅನ್ನೋದು ಬ್ಯಾರೆ. ನಂಗ ಸ್ವಲ್ಪ ದಿನ ಕೊಡ್ರಿ. ನಮ್ಮ ಕೈನೂ ಹೊರಗ ಹಾಕಿ ಬರ್ತೀನಿ."

ಮಲ್ಲಮ್ಮ ಅವಳಿಗೆ ಆಗಲೆಂದು ತಲೆಯಾಡಿಸಿದಳು. ಆಮೇಲೆ ನನ್ನ ಕಡೆ ತಿರುಗಿ, ಸಿಟ್ಟಿಲ್ಲದೆ, ಮಗುವಿಗೆ ಹೇಳುವಂತೆ ಹೇಳಿದಳು, "ನೀವು ಕೈ ತೆಗೀರಿ ಅಕ್ಕಾರ."

ತೆಗೆದೆ. ಅಂಗೈಗೆ ನೆಂದ ಉಣ್ಣೆಯ ವಾಸನೆ ಹತ್ತಿತ್ತು. ತಾಂಡೂರು ಮುಟ್ಟಿ, ಸೋಪು ಹಚ್ಚಿ ತೊಳೆದರೂ ಅವತ್ತು ಅದು ಹೋಗಲಿಲ್ಲ.

ಪರ್ವೀನ್ ಹೇಳಿದಂತೆ ಮಾಡಿದಳು. ವರದಿ ಕುರಿಗಾರನ ಮೊಬೈಲಿನಲ್ಲೇ ಬೀಗ ಹಾಕಿಕೊಂಡು ಹೊರಡುತ್ತದೆ, ಡಾಕ್ಟರ್ ಸಾಬ್ರ ಮೊಬೈಲಿನಲ್ಲಿ ಮಾತ್ರ ತೆರೆಯುತ್ತದೆ. ನಡುವೆ ನಮಗೂ ಕಾಣುವುದಿಲ್ಲ. ಪ್ರೋಗ್ರಾಮು ಓದಬಲ್ಲ ಯಾರಾದರೂ ಪರೀಕ್ಷಿಸಲಿ ಎಂದು ಬಯಲಿಗೆ ಇಟ್ಟಳು, ಗೊತ್ತಿಲ್ಲದ ನಾಲ್ಕು ಜನ ಪರೀಕ್ಷಿಸಿ ಸೈ ಎಂದರು. ಮಳೆಗಾಲ ಮುಗಿಯುವ ಮೊದಲು ನಾವು ಕೆಂಪು ಹೊಲಕ್ಕೆ ಮತ್ತೆ ಹೋದೆವು. ಮಲ್ಲಮ್ಮ ಕಂಬಳಿ ಹಾಸಿದಳು. ಪರ್ವೀನ್ ಮೊದಲು ಕೈ ಇಟ್ಟಳು. ಅವಳ ಕೈ ಪಕ್ಕದಲ್ಲಿ ನಾನೂ ಇಟ್ಟೆ, ಈ ಸಲ ನಿಧಾನವಾಗಿ.

ಕಳೆದ ವಾರ, ಜಹೀರಾಬಾದಿನ ನಿಲ್ದಾಣಕ್ಕೆ ಕೊನೆಗೂ ತಾಂಡೂರಿನ ಬಸ್ ಬಂತು. ಮುದುಕ ಕಂಬಳಿ ಹೊದ್ದುಕೊಂಡು ನನ್ನ ಹಿಂದಿನ ಸೀಟಿನಲ್ಲೇ ಕುಳಿತ. ಕಿಟಕಿಯ ಹೊರಗೆ ಕೆಂಪು ನೆಲದ ಮೇಲೆ ಯಾವುದೋ ಹಿಂಡು ಮೇಯುತ್ತಿತ್ತು, ಯಾರದೆಂದು ತಿಳಿಯಲಿಲ್ಲ. ನನ್ನ ರೋಗ ವಾಸಿಯಾಗಿಲ್ಲ, ಈಗಲೂ ಎಲ್ಲರನ್ನೂ ತಟ್ಟಿ ನೋಡುತ್ತೇನೆ. ಒಂದೇ ಬದಲಾವಣೆ ಎಂದರೆ, ಮೊದಲು ನನ್ನ ಕೈ ಎಲ್ಲಿದೆ ಎಂದು ನೋಡಿಕೊಳ್ಳುತ್ತೇನೆ.